ಕಡ್ಡಿಯಿಲ್ಲದ ಬೆಳ್ಳುಳ್ಳಿ

ಲಾರಿ ನದಿಯಲ್ಲಿ ಅಂಗಾತ ಬಿದ್ದಿತ್ತು. ಚಕ್ರಗಳು ಮೇಲೆ, ತಲೆ ನೀರೊಳಗೆ. ಬೆಳಗಿನ ಏಳು ಗಂಟೆಗೇ ಗಡಿಠಾಣೆಯ ಅರ್ಧ ಜನ ದಡದಲ್ಲಿ ನೆರೆದಿದ್ದರು. ತುಂಬಿ ಹರಿಯುವ ನದಿ. ಲಾರಿಯಲ್ಲಿದ್ದ ಬೆಳ್ಳುಳ್ಳಿಯ ಒಂದು ಮೂಟೆಯೂ ಉಳಿದಿರಲಿಲ್ಲ.

"ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟಳು ಮೇಡಂ!" ಏಜೆಂಟ್ ಎದೆ ಬಡಿದುಕೊಂಡ. ಪಕ್ಕದ ದೇಶದಿಂದ ಬೆಳ್ಳುಳ್ಳಿ ತರಿಸುವವನು ಅವನೇ. ಮೈತುಂಬಾ ಅತ್ತರು ಹಾಕಿಕೊಳ್ಳುತ್ತಿದ್ದುದರಿಂದ ಊರೆಲ್ಲ ಅವನನ್ನು ಅತ್ತರಣ್ಣ ಅನ್ನುತ್ತಿತ್ತು. "ಹ್ಯಾಂಡ್‌ಬ್ರೇಕ್ ಬಿಡಿಸಿ ಇಳಿಜಾರಿಗೆ ತಳ್ಳಿದಾಳೆ. ಟಾರ್ಪಾಲಿನ ಹಗ್ಗ ಕತ್ತರಿಸಿದ ಚಾಕು ಅಲ್ಲೇ ಬಿದ್ದಿದೆ. ಅವಳದ್ದೇ ಚಾಕು!"

ಇನ್ಸ್‌ಪೆಕ್ಟರ್ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದಳು. ಗಿಡ್ಡ ಬಾಗುಚಾಕು, ಹಿಡಿಗೆ ಸುತ್ತಿದ ಕೆಂಪು ಬಟ್ಟೆ. ಅವಳಿಗೆ ಯಾರ ಅಳುವಿನ ಮೇಲೂ ಅಷ್ಟು ಬೇಗ ನಂಬಿಕೆ ಬರುತ್ತಿರಲಿಲ್ಲ. ಅದರಲ್ಲೂ ಇಷ್ಟು ಘಮಘಮಿಸುವ ಅಳು.

"ಯಾರವಳು?"

"ಇನ್ಯಾರು, ಶೆಡ್ಡಕ್ಕ!"

* * *

ಶೆಡ್ಡಕ್ಕ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಬೆಳ್ಳುಳ್ಳಿಯ ಬೇರು ಕತ್ತರಿಸುವ ಶೆಡ್ಡಿನಲ್ಲಿ ಹನ್ನೆರಡು ಹೆಂಗಸರ ಮೇಸ್ತ್ರಿಯಾಗಿದ್ದವಳು. ಎರಡೂ ಹೆಬ್ಬೆರಳಿನ ತುಂಬ ಹಳೇ ಗಾಯದ ಗೆರೆ.

"ಚಾಕು ನಿಂದೇನಾ?"

"ನಂದೇ. ಆದ್ರೆ ನಾನು ಲಾರಿ ಮುಟ್ಟಿಲ್ಲ."

"ಹೋದ ವಾರ ಸಂತೆಯಲ್ಲಿ ಕೂಗಾಡಿದ್ದೆಯಂತೆ. ಅವನ ಬೆಳ್ಳುಳ್ಳಿ ಹೊಳೆ ಪಾಲಾಗ್ಲಿ ಅಂತ."

"ಕೂಗಾಡಿದೆ! ಹೊಟ್ಟೆ ಉರೀತಿತ್ತು, ಕೂಗಾಡಿದೆ. ಅಷ್ಟಕ್ಕೆ ಜೈಲಾ?" ಅವಳು ಬೆಂಚಿನಿಂದ ಎದ್ದಳು. "ಮೇಡಂ, ನನ್ನ ತಂಗಿಗೆ ಇವತ್ತೋ ನಾಳೆಯೋ ಹೆರಿಗೆ. ಮನೇಲಿ ಬೇರೆ ಯಾರೂ ಇಲ್ಲ. ನನ್ನ ಒಳಗೆ ಹಾಕಿದ್ರೆ ಆ ಮಗು ಗತಿ ಏನು?"

ಸಂಜೆಯೊಳಗೆ ಅವಳನ್ನು ಕೋರ್ಟಿಗೆ ಕಳಿಸಬೇಕಿತ್ತು. ದಫೇದಾರ ಆಗಲೇ ಕಾಗದ ಬರೆಯಲು ಕೂತಿದ್ದ. "ಇದರಲ್ಲಿ ಯೋಚನೆ ಮಾಡೋದೇನಿದೆ ಮೇಡಂ? ಪಕ್ಕದ ದೇಶದ ಬೆಳ್ಳುಳ್ಳಿಗೆ ಸುಂಕ ತೆಗೆದ್ರು. ಇವರ ಕೆಲಸ ಹೋಯ್ತು. ಸೇಡು ತೀರಿಸ್ಕೊಂಡ್ಳು."

"ಸುಂಕ ತೆಗೆದು ವರ್ಷ ಆಯ್ತಲ್ಲ?" ಇನ್ಸ್‌ಪೆಕ್ಟರ್ ಶೆಡ್ಡಕ್ಕನತ್ತ ತಿರುಗಿದಳು. "ಕೆಲಸ ಹೋಗಿದ್ದು ಯಾವಾಗ?"

"ಎಂಟು ತಿಂಗಳಾಯ್ತು. ಸುಂಕ ಹೋದ ಮೇಲೆ ಮೊದಲ ನಾಲ್ಕು ತಿಂಗಳು ನಮಗೆ ಉಸಿರಾಡೋಕೂ ಪುರುಸೊತ್ತಿರಲಿಲ್ಲ. ಆಚೆಯಿಂದ ಬೇರು ಸಮೇತ ಬರ್ತಿತ್ತು, ನಾವು ಕತ್ತರಿಸಿ ಕೊಡ್ತಿದ್ವಿ. ಆಮೇಲೆ ಅತ್ತರಣ್ಣ ಬಂದು, ಈಗ ಆಚೆಯವರೇ ಕತ್ತರಿಸಿ ಕಳಿಸ್ತಾರೆ, ನೀವು ಬೇಡ ಅಂದ. ಮಾಲು ನಮ್ಮ ಕಣ್ಣಿಗೂ ಬೀಳದ ಹಾಗೆ ಸೀದಾ ನಗರಕ್ಕೆ ಹೋಗೋಕೆ ಶುರುವಾಯ್ತು."

ಇನ್ಸ್‌ಪೆಕ್ಟರ್ ಲೆಕ್ಕ ಹಾಕಿದಳು. ಸುಂಕ ಹೋದಾಗ ಹೆಚ್ಚಿದ ಕೆಲಸ, ಸುಂಕ ಮತ್ತೆ ಬಾರದಿದ್ದರೂ ನಿಂತದ್ದು ಯಾಕೆ?

"ಚಾಕು ಎಲ್ಲಿಟ್ಟಿದ್ದೆ?"

"ಶೆಡ್ಡಲ್ಲೇ. ಅತ್ತರಣ್ಣ ನಮ್ಮನ್ನ ಹೊರಗೆ ಹಾಕಿ ಬೀಗ ಜಡಿದ. ಸಾಮಾನು ತಗೊಳ್ಳೋಕೂ ಬಿಡಲಿಲ್ಲ ಪಾಪಿ."

* * *

ಶೆಡ್ಡಿನ ಬೀಗ ತುಕ್ಕು ಹಿಡಿದಿತ್ತು. ಇನ್ಸ್‌ಪೆಕ್ಟರ್ ಬೀಗದ ತೂತಿಗೆ ಬೆರಳು ಒತ್ತಿದಳು. ಹಸಿ ಎಣ್ಣೆ ಅಂಟಿತು.

ಅಲ್ಲಿಂದ ಸೀದಾ ಗಡಿಠಾಣೆಗೆ ಹೋದಳು. ಸುಂಕದ ಸಾಹೇಬರು ಹೇಳಿದ್ದು ಇಷ್ಟೇ: "ಆ ಲಾರಿ ನಿನ್ನೆ ಸಂಜೆ ಬಂತು, ರಾತ್ರಿ ಇಳಿಜಾರಿನ ಮೇಲೇ ನಿಂತಿತ್ತು. ಇವತ್ತು ಒಂಬತ್ತಕ್ಕೆ ಮೂಟೆ ಬಿಚ್ಚಿ ತಪಾಸಣೆ ಮಾಡ್ತೀನಿ ಅಂತ ಏಜೆಂಟ್‌ಗೆ ಹೇಳಿದ್ದೆ. ಬೇರೆ ಯಾರಿಗೂ ಹೇಳಿಲ್ಲ."

ಗೇಟಿನ ಕಾವಲುಗಾರ ಇನ್ಸ್‌ಪೆಕ್ಟರನ್ನು ಕಂಡದ್ದೇ ಊಟದ ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ಏನದು?"

"ಏ... ಏನಿಲ್ಲ ಮೇಡಂ. ಊಟ."

"ಊಟ ಯಾಕೆ ನಡುಗ್ತಿದೆ?"

ಚೀಲ ಬಿಚ್ಚಿದರೆ ಹರಿದ ಬಲೆಚೀಲದ ತುಂಡು. ಅದಕ್ಕೆ ಅಂಟಿದ ಸುಂಕದ ಚೀಟಿ. ಒಳಗೆ ಏಳು ಬೆಳ್ಳುಳ್ಳಿ ಗಡ್ಡೆ. ಕಾವಲುಗಾರ ಕಾಲಿಗೇ ಬಿದ್ದ. "ಕದ್ದಿದ್ದಲ್ಲ ಮೇಡಂ! ಲಾರಿಯಿಂದ ಉದುರಿದ್ದು ಕಾವಲುಗಾರನಿಗೆ ಅಂತ ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿದೆ. ನಿನ್ನೆ ಆ ಲಾರಿಯ ಒಂದು ಮೂಟೆ ಹರಿದಿತ್ತು, ಅಷ್ಟೇ. ಕೆಲಸ ಹೋಗತ್ತೆ ಅಂತ ಬಾಯಿ ಬಿಡಲಿಲ್ಲ."

ಚೀಟಿಯ ಮೇಲೆ ನದಿಗೆ ಬಿದ್ದ ಲಾರಿಯದೇ ನಂಬರು. ಇನ್ಸ್‌ಪೆಕ್ಟರ್ ಮೊದಲ ಬಾರಿಗೆ ನಕ್ಕಳು. "ಏಳಯ್ಯಾ ಮೇಲೆ. ನಿನ್ನ ಕೈಚಳಕವೇ ಇವತ್ತು ಒಬ್ಬಳನ್ನ ಉಳಿಸ್ಬಹುದು."

* * *

ಠಾಣೆಯ ಮೇಜಿನ ಮೇಲೆ ಏಳು ಗಡ್ಡೆ. ದೂರಿಗೆ ಸಹಿ ಹಾಕಲು ಬಂದ ಅತ್ತರಣ್ಣನ ಕೈ ಪೆನ್ನಿನ ಜೊತೆ ನಿಂತೇ ಹೋಯಿತು.

"ಶೆಡ್ಡಕ್ಕ, ಇದನ್ನ ನೋಡು."

ಅವಳು ಒಂದು ಗಡ್ಡೆ ಎತ್ತಿ, ತಿರುಗಿಸಿ, ಹೆಬ್ಬೆರಳಲ್ಲಿ ಒಡೆದಳು. ಹುಬ್ಬು ಗಂಟಿಕ್ಕಿದಳು. ಇನ್ನೊಂದು ಒಡೆದಳು. ಮತ್ತೊಂದು.

"ಇದು ಆಚೆಯವರದ್ದಲ್ಲ ಮೇಡಂ. ಅವರ ಬೆಳ್ಳುಳ್ಳಿಗೆ ನಡುವೆ ಗಟ್ಟಿ ಕಡ್ಡಿ ಇರತ್ತೆ. ಬೇರು ಕತ್ತರಿಸಬಹುದು, ಕಡ್ಡಿ ಎಲ್ಲಿಗೆ ಹೋಗತ್ತೆ? ಇದರಲ್ಲಿ ಕಡ್ಡಿಯೇ ಇಲ್ಲ. ಇದು ಯಾವುದೋ ದೂರದ ದೇಶದ್ದು."

"ದೂರದ ದೇಶದ್ದಕ್ಕೆ ಪೂರ್ತಿ ಸುಂಕ. ಪಕ್ಕದ ದೇಶದಲ್ಲಿ ಬೆಳೆದದ್ದಕ್ಕೆ ಮಾತ್ರ ಮಾಫಿ." ಇನ್ಸ್‌ಪೆಕ್ಟರ್ ಅತ್ತರಣ್ಣನ ಎದುರಿಗೇ ಬಂದು ನಿಂತಳು. "ಯಂತ್ರದಲ್ಲಿ ಬೇರು ತೆಗೆದ ಅಗ್ಗದ ಮಾಲು ತರಿಸಿ, ಪಕ್ಕದ ದೇಶದ ಚೀಲಕ್ಕೆ ತುಂಬಿ ಗಡಿ ದಾಟಿಸಿದೆ. ಸುಂಕಾನೂ ಉಳೀತು, ಇವರ ಕೂಲಿನೂ ಉಳೀತು. ಮೂಟೆ ಬಿಚ್ಚಿದ್ರೆ ಗುಟ್ಟು ರಟ್ಟಾಗತ್ತೆ. ಅದಕ್ಕೇ ಬಾಡಿಗೆ ಲಾರಿಯನ್ನ ನದಿಗೆ ಬಿಟ್ಟೆ."

"ಸುಳ್ಳು! ಸೇಡಿಗೆ ಅವಳೇ..."

"ಸೇಡಿನವಳು ಲಾರಿ ತಳ್ಳಿ ಓಡಿಹೋಗ್ತಾಳೆ. ಮೊದಲು ಕೂತು ಟಾರ್ಪಾಲಿನ ಹಗ್ಗ ಯಾಕೆ ಕತ್ತರಿಸ್ತಾಳೆ? ಒಂದು ಗಡ್ಡೆಯೂ ಉಳೀಬಾರದು ಅನ್ನೋ ಅವಸರ ಯಾರಿಗಿತ್ತು? ಚಾಕು ಇದ್ದದ್ದು ನಿನ್ನ ಬೀಗದ ಒಳಗೆ. ಎಂಟು ತಿಂಗಳಿಂದ ಮುಚ್ಚಿದ ಬೀಗಕ್ಕೆ ನಿನ್ನೆ ಎಣ್ಣೆ ಬಿಟ್ಟದ್ದು ಯಾರು?"

ಅತ್ತರಣ್ಣ ಪೆನ್ನು ಕೆಳಗಿಟ್ಟ. ಅತ್ತರಿನ ಮೇಲೆ ಬೆವರು ಇಳಿಯಿತು. "ಬೆಳ್ಳುಳ್ಳಿ ಅಂದ್ರೆ ಬೆಳ್ಳುಳ್ಳಿ ಅಷ್ಟೇ ಅಂದ್ಕೊಂಡಿದ್ದೆ," ಎಂದು ಗೊಣಗಿದ.

ಹೌದು, ಜೀವಮಾನವೆಲ್ಲ ಬೆಳ್ಳುಳ್ಳಿ ಮಾರಿದವನು ಒಂದು ಗಡ್ಡೆಯನ್ನೂ ಕೈಯಾರೆ ಬಿಡಿಸಿ ನೋಡಿರಲಿಲ್ಲ.

* * *

ಶೆಡ್ಡಕ್ಕ ಠಾಣೆಯ ಮೆಟ್ಟಿಲಿಳಿಯುವಾಗ ಕಣ್ಣೊರೆಸಿಕೊಂಡಳು. "ಎಂಟು ತಿಂಗಳು ಆಚೆಯವರಿಗೆ ಹಿಡಿಶಾಪ ಹಾಕಿದೆ ಮೇಡಂ. ಅವರ ಮಾಲು ಬರ್ತಿದ್ದಿದ್ರೆ ನನ್ನ ಶೆಡ್ಡು ಮುಚ್ತಾನೇ ಇರಲಿಲ್ಲ." ಆಮೇಲೆ ಕೈ ಚಾಚಿದಳು. "ನನ್ನ ಚಾಕು?"

"ಅದು ಕೇಸಿಗೆ ಬೇಕಮ್ಮ."

ರಸ್ತೆಯಲ್ಲಿ ಒಂದು ಲಾರಿ ನಿಂತಿತು. ಬಲೆಚೀಲಗಳಿಂದ ಕೆಂಪು ಮಣ್ಣು ಉದುರುತ್ತಿತ್ತು, ಬೇರುಗಳು ಮೀಸೆಯಂತೆ ಹೊರಗೆ ಚಾಚಿದ್ದವು. ಆಚೆ ದೇಶದ ಡ್ರೈವರ್ ತಲೆ ಹೊರಗೆ ಹಾಕಿದ. "ಅಕ್ಕಾ, ಇಲ್ಲಿ ಬೇರು ಕತ್ತರಿಸೋರು ಇದ್ರಲ್ಲ, ಈಗಲೂ ಇದಾರಾ? ನಗರದ ಬೇರೊಬ್ಬ ವ್ಯಾಪಾರಿಗೆ ಒಯ್ತಿದೀನಿ, ಕತ್ತರಿಸದೆ ತಗೊಳಲ್ಲ ಅಂತಾನೆ."

ಶೆಡ್ಡಕ್ಕ ಒಂದು ಬೇರನ್ನು ಹೆಬ್ಬೆರಳಲ್ಲಿ ಸವರಿದಳು.

"ಇದೀವಿ," ಅಂದಳು. "ಹನ್ನೆರಡು ಜನ. ಶೆಡ್ಡು ಸಿಗದಿದ್ರೆ ಮರದ ಕೆಳಗೆ ಕೂರ್ತೀವಿ. ಆದ್ರೆ ನಾಳೆಯಿಂದಪ್ಪ. ಇವತ್ತು ನನ್ನ ತಂಗಿಗೆ ಹೆರಿಗೆ."

ಹಾಗೆಂದವಳೇ ಮನೆ ಕಡೆ ಓಡಿದಳು.