ಊದಜ್ಜನ ರಜೆ

ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆದ ಗೇಟಿನವನು ಒಳಗೆ ಎರಡು ಹೆಜ್ಜೆ ಇಟ್ಟ. ಚಪ್ಪಲಿಯಡಿ ಏನೋ ಕರಕರ ಎಂದಿತು. ದೀಪ ಹಾಕಿದ. ನೆಲದ ತುಂಬ ನೀಲಿ ಗಾಜು.

ಆಸ್ಪತ್ರೆಯೊಂದರ ಹಜಾರಕ್ಕೆಂದು ಮಾಡಿದ್ದ ದೀಪದ ಗುಮ್ಮಟ ಅದು. ಆಳೆತ್ತರದ್ದು. ಕೊಳವೆಯ ತುದಿಗೆ ಬಿಸಿ ಗಾಜು ಸುತ್ತಿ ಹನ್ನೆರಡು ಸಲ ಊದಿ, ಹನ್ನೆರಡು ಸಲವೂ ಕೆಟ್ಟು, ಹದಿಮೂರನೆಯ ಸಲಕ್ಕೆ ಕೈಗೂಡಿತ್ತು. ಮಧ್ಯಾಹ್ನ ಲಾರಿ ಬರಬೇಕಿತ್ತು.

ಇನ್ಸ್‌ಪೆಕ್ಟರ್ ಬಂದಾಗ ಗಾಜಿನ ಕಾರ್ಖಾನೆಯ ಯಜಮಾನಿ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ಮಾತಾಡಿದ್ದು ಮ್ಯಾನೇಜರ್.

"ಊದಜ್ಜನೇ ಮೇಡಂ, ಇಲ್ಲಿ ಗಾಜು ಊದೋರು. ನಿನ್ನೆ ಐದೂಕಾಲಿಗೆ ಕಿಟಕಿಯಿಂದ ಕಣ್ಣಾರೆ ಕಂಡೆ. ಕೆನ್ನೆ ಉಬ್ಬಿಸಿ ಕೊಳವೆ ಊದ್ತಾ ಇದ್ರು. ಆ ಗುಳ್ಳೆ ನೋಡಿ, ಎಷ್ಟು ಸೊಟ್ಟ ಬಂದಿದೆ! ಆ ಸಿಟ್ಟು ದೀಪದ ಮೇಲೆ ತೀರಿಸ್ಕೊಂಡಿದ್ದಾರೆ."

ಬೆಂಚಿನ ಮೇಲೊಂದು ಊದುಕೊಳವೆ. ಅದರ ತುದಿಯಲ್ಲಿ ತಣ್ಣಗಾಗಿ ಬಿರುಕುಬಿಟ್ಟ ಸೊಟ್ಟ ಗಾಜಿನ ಗುಳ್ಳೆ.

"ಈ ಒಡೆದ ದೀಪ ಊದಿದ್ದು ಯಾರು?"

"ಅವರೇ," ಎಂದರು ಯಜಮಾನಿ. "ನಲವತ್ತು ವರ್ಷದಿಂದ ಇಲ್ಲಿದ್ದಾರೆ. ಹದಿನೈದು ದಿನ ರಜೆ ಹಾಕಿದ್ರು. ನಿನ್ನೆ ಯಾಕೆ ಬಂದ್ರೋ!"

ಗೇಟಿನ ಪುಸ್ತಕ ಸ್ಪಷ್ಟವಾಗಿತ್ತು. ಉಳಿದ ಕೆಲಸಗಾರರೆಲ್ಲ ಐದಕ್ಕೂ ಮುಂಚೆ ಹೊರಗೆ. ಊದಜ್ಜ ಐದಕ್ಕೆ ಒಳಗೆ, ಐದೂವರೆಗೆ ಹೊರಗೆ. ಕೊನೆಗೆ ಹೊರಟವನು ಮ್ಯಾನೇಜರ್. ಆರು ಗಂಟೆಗೆ.

* * *

ಊದಜ್ಜನನ್ನು ಕರೆಸಿದರು. ಎಲುಬು ಕಾಣುವಂಥ ತೆಳ್ಳನೆಯ ಮನುಷ್ಯ. ಬಲಗೆನ್ನೆ ತುಸು ಊದಿಕೊಂಡಿತ್ತು.

"ನಿನ್ನೆ ಯಾಕೆ ಬಂದ್ರಿ?"

"ದೀಪ ಹೋಗೋ ಮುಂಚೆ ಒಂದ್ಸಲ ನೋಡೋಣ ಅಂತ."

"ರಜೆಯಲ್ಲಿ ಎಲ್ಲಿದ್ರಿ?"

"ತಂಗಿ ಮನೇಲಿ."

ಇನ್ಸ್‌ಪೆಕ್ಟರ್ ಅಲ್ಲೇ ಫೋನ್ ಮಾಡಿಸಿದರು. "ಅಣ್ಣ ಈ ಕಡೆ ಬಂದು ವರ್ಷ ಆಯ್ತಲ್ಲ!" ಎಂದಳು ತಂಗಿ. "ಅವನಿಗೇನಾದ್ರೂ ಆಯ್ತಾ?"

ಊದಜ್ಜ ತಲೆ ತಗ್ಗಿಸಿದ. ಮ್ಯಾನೇಜರ್ ನಿಟ್ಟುಸಿರು ಬಿಟ್ಟ.

ಗೇಟಿನವನು ಎಲ್ಲರಿಗೂ ಹಣ್ಣಿನ ರಸ ತಂದಿಟ್ಟ. ಊದಜ್ಜ ಸ್ಟ್ರಾ ತೆಗೆದು ಬದಿಗಿಟ್ಟ. ಲೋಟಕ್ಕೇ ತುಟಿ ಹಚ್ಚಿ ಗುಟುಕು ಗುಟುಕಾಗಿ ಕುಡಿದ. ಗಾಜಿನ ಧೂಳಿಗೆ ಸೀನು ಬಂತು. ಕೈ ಅಡ್ಡ ಹಿಡಿಯುವ ಬದಲು ಬಾಯನ್ನು ಗುಹೆಯಂತೆ ಅಗಲಿಸಿ ಸೀನಿದ. ಮೂಗು ಸೀಟಲಿಲ್ಲ. ಮೆಲ್ಲಗೆ ಒತ್ತಿ ಒರೆಸಿಕೊಂಡ.

ಇನ್ಸ್‌ಪೆಕ್ಟರ್ ಬರೆಯುತ್ತಿದ್ದ ಪೆನ್ನು ನಿಂತಿತು. ಅವರು ಎದ್ದು ಹೋಗಿ ಒಡೆದ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಚೂರುಗಳ ಅಡಿಯಲ್ಲಿ ಒಣಹುಲ್ಲು. ಪಕ್ಕದಲ್ಲೇ ಮರದ ಪೆಟ್ಟಿಗೆ. ದೀಪವಿಟ್ಟಿದ್ದ ಕಟ್ಟೆ ಹತ್ತು ಹೆಜ್ಜೆ ಆಚೆ.

* * *

"ಇನ್ನೇನು ತನಿಖೆ ಮೇಡಂ?" ಎಂದ ಮ್ಯಾನೇಜರ್. "ಆ ಗುಳ್ಳೆ ಊದಿದ್ದು ಅವರ ಉಸಿರೇ. ಬೇಕಾದ್ರೆ ಈಗಲೇ ಊದ್ಲಿ. ಪಕ್ಕ ಇಟ್ಟು ನೋಡೋಣ."

ಯಜಮಾನಿಯ ಮುಖದಲ್ಲಿ ಆಸೆ ಮೂಡಿತು. "ಹೌದಜ್ಜ, ಊದಿಬಿಡಿ. ನೀವು ಯಾವತ್ತಾದ್ರೂ ಸೊಟ್ಟ ಊದಿದ್ದುಂಟಾ? ಎಲ್ಲರಿಗೂ ಗೊತ್ತಾಗ್ಲಿ."

ಊದಜ್ಜ ಕುಲುಮೆಯತ್ತ ನಡೆದ. ಕೊಳವೆಯ ತುದಿಗೆ ಕೆಂಡದಂಥ ಗಾಜನ್ನು ಸುತ್ತಿದ. ಕಣ್ಣು ಒದ್ದೆಯಾಗಿತ್ತು. ಕೊಳವೆ ತುಟಿಗೆ ಬಂತು.

ಇನ್ಸ್‌ಪೆಕ್ಟರ್ ಧಾವಿಸಿ ಅದನ್ನು ಹಿಡಿದುಬಿಟ್ಟರು.

"ಆಪರೇಷನ್ ಆಗಿ ಎಷ್ಟು ದಿನ ಆಯ್ತಜ್ಜ?"

ಊದಜ್ಜ ಕೊಳವೆ ಕೆಳಗಿಳಿಸಿದ.

"ಹನ್ನೊಂದು," ಎಂದ ಅವನು.

"ನಮ್ಮಕ್ಕನಿಗೂ ಆಗಿತ್ತು," ಎಂದರು ಇನ್ಸ್‌ಪೆಕ್ಟರ್, ಯಜಮಾನಿಯ ಕಡೆ ತಿರುಗಿ. "ಮೇಲ್ದವಡೆ ಸವೆದಿದ್ರೆ ಹೊಸ ಹಲ್ಲಿನ ಸ್ಕ್ರೂ ಹಿಡಿಯೋಕೆ ಮೂಳೆನೇ ಇರಲ್ಲ. ಅದಕ್ಕೆ ಮೂಗಿನ ಪಕ್ಕದ ಟೊಳ್ಳಿನ ತಳ ಎತ್ತಿ, ಮೂಳೆ ಪುಡಿ ತುಂಬಿ ಹೊಲೀತಾರೆ. ಸ್ಟ್ರಾದಲ್ಲಿ ಹೀರಬಾರ್ದು, ಮೂಗು ಸೀಟಬಾರ್ದು, ಬಾಯಿ ಮುಚ್ಚಿ ಸೀನಬಾರ್ದು. ಊದೋದಂತೂ ದೂರದ ಮಾತು. ಒಂದು ಸಲ ಜೋರಾಗಿ ಊದಿದ್ರೆ ಹಾಕಿದ್ದೆಲ್ಲ ಕೆಟ್ಟು ಹೋಗ್ಬಹುದು. ಬಾಯಿ ಮುಚ್ಚಿ ಸೀನೋಕೂ ಹೆದರೋ ಮನುಷ್ಯ, ಯಾರೂ ಕೇಳದೆ ಕೆನ್ನೆ ಉಬ್ಬಿಸಿ ಊದ್ತಿದ್ನಾ?"

ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದ.

"ಸಿಟ್ಟಿಗೆ ಒಡೆಯೋನು ಇದ್ದ ಜಾಗದಲ್ಲೇ ಒಡೀತಾನೆ. ದೀಪ ಒಡೆದಿದ್ದು ಪೆಟ್ಟಿಗೆ ಹತ್ರ, ಹುಲ್ಲಿನ ಮೇಲೆ. ಅಂದ್ರೆ ಯಾರೋ ಪ್ಯಾಕ್ ಮಾಡೋಕೆ ಹೊತ್ತು ತರ್ತಾ ಇದ್ರು. ಅಜ್ಜ ಹೋದ್ಮೇಲೆ ಅರ್ಧ ಗಂಟೆ ಇಲ್ಲಿದ್ದೋರು ಒಬ್ರೇ. ಯಜಮಾನಮ್ಮ, ನಿಮ್ಮ ಮ್ಯಾನೇಜರಿಗೆ ಊದೋಕೆ ಬರುತ್ತಾ?"

"ಆ ಕೆಲಸಕ್ಕೇ ಸೇರಿದ್ದು," ಎಂದರು ಯಜಮಾನಿ, ಸಣ್ಣ ದನಿಯಲ್ಲಿ. "ಅಜ್ಜನೇ ಕಲಿಸಿದ್ದು."

ಮ್ಯಾನೇಜರ್ ಅಳುತ್ತ ನೆಲದ ಮೇಲೇ ಕೂತುಬಿಟ್ಟ. "ಬೆಳಿಗ್ಗೆ ಗಡಿಬಿಡಿ ಬೇಡ ಅಂತ ಒಬ್ಬನೇ ಎತ್ತಿದೆ. ಕೈ ಜಾರ್ತು. ತಲೆ ಕೆಟ್ಟುಹೋಯ್ತು. ಅಜ್ಜ ಬಂದು ಹೋಗಿದ್ದು ನೆನಪಾಯ್ತು... ಆ ಗುಳ್ಳೆ ಊದಿಟ್ಟೆ."

ಯಜಮಾನಿ ಊದಜ್ಜನ ಮುಂದೆ ಬಂದು ನಿಂತರು. "ಒಂದು ಮಾತು ನನಗೆ ಹೇಳಬಾರ್ದಿತ್ತಾ?"

"ಕಟ್ಟಿಸಿದ ಹಲ್ಲಿನ ಸೆಟ್ಟು ಜಾರ್ತಿತ್ತಮ್ಮ. ಕೊಳವೆ ಪಕ್ಕದಿಂದ ಉಸಿರು ಸೋರ್ತಿತ್ತು. ಅದಕ್ಕೇ ಹನ್ನೆರಡು ಸಲ ಕೆಟ್ಟಿದ್ದು. ಹಾಕಿದ ಪುಡಿ ನನ್ನ ಮೂಳೆನೇ ಆಗೋಕೆ ಆರು ತಿಂಗಳು ಬೇಕಂತೆ. ಊದಕ್ಕಾಗದ ಊದಜ್ಜನ್ನ ಅಲ್ಲೀವರೆಗೂ ಯಾರು ಇಟ್ಕೋತಾರೆ?"

"ನಾನು ಇಟ್ಕೋತೀನಿ," ಎಂದರು ಯಜಮಾನಿ. ಮ್ಯಾನೇಜರ್ ಕಡೆ ಕೈ ತೋರಿಸಿ, "ಇವನನ್ನ ಏನು ಮಾಡೋಣ? ನೀವೇ ಹೇಳಿ," ಎಂದರು.

ಊದಜ್ಜ ಅವನ ಕಡೆ ತಿರುಗಿದ.

"ಹೊಟ್ಟೆ ಉರೀತಿದೆ, ಇಲ್ಲ ಅನ್ನಲ್ಲ. ಆದ್ರೆ ಇವನು ಜೈಲಲ್ಲಿ ಕೂತ್ರೆ ಹೊಸ ದೀಪ ಊದೋರು ಯಾರು?"

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿದರು. ಊದಜ್ಜ ಬೇರೊಂದು ಕೊಳವೆ ತಂದು ಮ್ಯಾನೇಜರ್ ಕೈಗಿಟ್ಟ. ಅವನ ಬೆನ್ನ ಮೇಲೆ ಅಂಗೈ ಇಟ್ಟ.

"ಏಳು. ಮೊದಲು ಅಳೋದು ನಿಲ್ಸು. ಬಿಸಿ ಗಾಜಿಗೆ ನೀರು ಆಗಲ್ಲ."