ಒಳಗಿನ ಸೀಟು

ಚಿಕ್ಕತಾಯಮ್ಮ ಪೂರ್ತಿ ಚಾರ್ಜು ಕೊಟ್ಟಿದ್ದಳು. ಮೋಟಾರು ಬಸ್ಸಿನ ಒಳಗೆ ಜಾಗವೂ ಇತ್ತು. ಹೊಲಗೇರಿಯವಳೆಂದು ಅವಳನ್ನು ಟಾಪಿನ ಮೇಲೆ, ಮೂಟೆಗಳ ನಡುವೆ ಕೂರಿಸಿದರು. ನಾಗರಹೊಳೆ ಕಾಡಿನ ತಿರುವಿನಲ್ಲಿ ಅವಳು ಕೆಳಗೆ ಬಿದ್ದಳು. ಮೋಟಾರು ನಿಲ್ಲಲಿಲ್ಲ. ಮಾರನೆಯ ದಿನ ಕಾಡಿನ ಗಾರ್ಡುಗಳು ಹೆಣವನ್ನು ಎತ್ತಿನ ಗಾಡಿಯಲ್ಲಿ ಹಾಕಿ ಕೇರಿಗೆ ತಂದರು.

ಅವಳ ಮಗಳು ಹೊಂಬಾಳಿ ಆಮೇಲೆ ಮೋಟಾರು ಹತ್ತಲಿಲ್ಲ.

ವೀರನಹೊಸಹಳ್ಳಿಯ ಕೇರಿಯ ಹೆಂಗಸರೆಲ್ಲ ವರ್ಷ ವರ್ಷ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುವವರು. ಕಾಡಿನ ನಡುವೆ ಎಲ್ಲೋ ಮಹಾರಾಜರ ಸೀಮೆ ಮುಗಿದು ಇಂಗ್ಲಿಷರ ಸೀಮೆ ಶುರುವಾಗುತ್ತಿತ್ತು. ದೊರೆ ಬದಲಾಗುತ್ತಿದ್ದ, ಟಾಪು ಬದಲಾಗುತ್ತಿರಲಿಲ್ಲ! ಇವರು ಕೊಯ್ದ ಕಾಫಿ ಹಡಗು ಹತ್ತಿ ಸಮುದ್ರ ದಾಟುತ್ತಿತ್ತು. ಕೊಯ್ದವರು ಹುಣಸೂರು ಮೋಟಾರಿನ ಬಾಗಿಲು ದಾಟುವ ಹಾಗಿರಲಿಲ್ಲ.

ಮರುವರ್ಷ ಕೊಯ್ಲು ಮುಗಿದಾಗ ಜೊತೆಯವರು ಮೋಟಾರಿಗೆ ಕಾದು ನಿಂತರು. ಹೊಂಬಾಳಿ ಒಬ್ಬಳೇ ನಸುಕಿನಲ್ಲೇ ನಡೆದು ಹೊರಟಳು.

ಹೊತ್ತು ಇಳಿಯಿತು. ದಾರಿಯ ಮಧ್ಯೆ ಆನೆಯ ಲದ್ದಿ ಬಿದ್ದಿತ್ತು. ಇನ್ನೂ ಹಬೆಯಾಡುತ್ತಿತ್ತು... ಬಿದಿರು ಮೆಳೆಯೊಳಗೆ ಏನೋ ಲಟಕ್ಕನೆ ಮುರಿಯಿತು. ಅವಳು ಉಸಿರು ಬಿಗಿಹಿಡಿದು ನಿಂತಳು.

ಹಿಂದಿನಿಂದ ಮೋಟಾರು ಬಂದು ಪಕ್ಕದಲ್ಲೇ ನಿಂತಿತು.

"ಒಬ್ಳೇ ಓಯ್ತಿದ್ದೀಯಾ? ತಲೆ ಕೆಟ್ಟದಾ ನಿಂಗೆ? ಆನೆ ಹಿಂಡು ಇಲ್ಲೇ ಅದೆ. ಅತ್ತು ಬೇಗ!" ಎಂದ ಡ್ರೈವರು.

ಹರೆಯದ ಮುಖ. ಖಾಕಿ ಕೋಟು. ಕಣ್ಣಲ್ಲಿ ನಿಜವಾದ ಗಾಬರಿ. ಒಂದು ಗಳಿಗೆ ಅವಳ ಎದೆ ಹಗುರಾಯಿತು.

"ಎಲ್ಲಿ ಅತ್ಲಿ?"

ಅವನು ತಲೆ ಎತ್ತಿ ಟಾಪಿನ ಕಡೆ ನೋಡಿದ. ಹಿಂದಿನಿಂದ ಕಂಡಕ್ಟರ್ ಕುಳ್ಳಯ್ಯ ತಲೆ ಹೊರಗೆ ಹಾಕಿದ.

"ಎಲ್ಲಿ ಅಂದ್ರೆ? ನಿಮ್ಮೋರೆಲ್ಲ ಎಲ್ಲವ್ರೆ ನೋಡು. ಮ್ಯಾಲೆ! ನಿಂಗೇನು ಒಳಗೆ ಮೆತ್ತೆ ಆಸ್ಬೇಕಾ?"

"ಮ್ಯಾಲೆ ಅತ್ತಾಕಿಲ್ಲ."

"ಅಂಗಾದ್ರೆ ಆನೆ ಮ್ಯಾಲೆ ಅತ್ಕಂಡು ಬಾ!"

ಒಳಗಿದ್ದವರು ಗೊಳ್ಳೆಂದು ನಕ್ಕರು. ಡ್ರೈವರು ನಗಲಿಲ್ಲ. ಹೊಂಬಾಳಿ ಮುಖ ತಿರುಗಿಸಿ ನಡೆದಳು.

ಮೋಟಾರು ಅವಳನ್ನು ದಾಟಿ ಹೋಗಲಿಲ್ಲ. ಅವಳ ಹಿಂದೆ ತೆವಳಿಕೊಂಡು ಬಂತು... ಅವಳು ನಿಂತರೆ ನಿಂತಿತು, ನಡೆದರೆ ನಡೆಯಿತು. ಎರಡು ದೀಪಗಳ ಬೆಳಕಿನಲ್ಲಿ ಅವಳ ನೆರಳು ಉದ್ದಕ್ಕೆ ಚಾಚಿ ಮುಂದಿನ ಕತ್ತಲೆಯೊಳಗೆ ಹೊಕ್ಕಿತ್ತು. 'ಬೇಟೆ ಹಿಂದೆ ಬರೋ ಹುಲಿ ಹಂಗೆ ಬತ್ತಾ ಅದಲ್ಲಾ...' ಅವಳು ಹೆಜ್ಜೆ ಬಿರುಸು ಮಾಡಿದಳು. ಒಳಗಿನವರು ಡ್ರೈವರನ್ನು ಬೈಯುವುದು ಕೇಳಿಸುತ್ತಿತ್ತು. ಯಾಕೆ ಬೈಯುತ್ತಿದ್ದಾರೆಂದು ತಿಳಿಯಲಿಲ್ಲ.

ಕಾಡು ಮುಗಿದು ವೀರನಹೊಸಹಳ್ಳಿಯ ಗೇಟು ಕಂಡದ್ದೇ ತಡ, ಅವಳು ಕಲ್ಲೊಂದನ್ನು ಎತ್ತಿಕೊಂಡು ತಿರುಗಿ ನಿಂತಳು.

"ನಮ್ಮವ್ವನ್ನ ತಿಂದಿದ್ದು ಸಾಲ್ದಾ ನಿಂಗೆ? ನನ್ನೂ ಅಟ್ಟಿಸ್ಕಂಡು ಬಂದ್ಯಾ?"

"ನಿಮ್ಮವ್ವ...?"

"ಚಿಕ್ಕತಾಯಮ್ಮ!"

ಸ್ಟೇರಿಂಗಿನ ಮೇಲಿದ್ದ ಅವನ ಕೈ ಜಾರಿ ಕೆಳಗೆ ಬಿತ್ತು. ಟಾಪಿನ ಹೆಂಗಸರು ಇಳಿದ ಕೂಡಲೇ ಮೋಟಾರು ಮುಂದೆ ಹೊರಟುಹೋಯಿತು.

'ಓಡ್ಹೋದ, ಪಾಪಿ!' ಎಂದುಕೊಂಡಳು. ಆದರೆ ಅಂದು ಚಾಪೆಯ ಮೇಲೆ ಮಲಗಿದಾಗ ಬೇಡದ ಯೋಚನೆಯೊಂದು ಬಂತು. ಆ ಬೆಳಕು ಬೆನ್ನ ಹಿಂದೆ ಇದ್ದಷ್ಟು ಹೊತ್ತು ಒಂದು ಆನೆಯೂ ದಾರಿಗೆ ಇಳಿದಿರಲಿಲ್ಲ...

* * *

ಅವನ ಹೆಸರು ಬೆಟ್ಟಸ್ವಾಮಿ. ಕಂಪಲಾಪುರದಲ್ಲಿ ಹೊಲ ಗದ್ದೆ ಇದ್ದ ಗೌಡರ ಮನೆಯ ಹುಡುಗ. ಮೈಸೂರಿಗೆ ಹೋಗಿ ಮೋಟಾರು ಕಲಿತು ಬಂದವನು. ವಾರದ ರಜದ ದಿನ ಅವನು ಅವಳನ್ನು ಹುಡುಕಿಕೊಂಡು ಕೆರೆಯ ಕೆಳಗಿನ ದಂಡೆಗೆ ಬಂದ. ಕೇರಿಯವರು ಬಟ್ಟೆ ಒಗೆಯುವುದು ಅಲ್ಲೇ. ಹೊಂಬಾಳಿ ತಲೆ ಎತ್ತಲಿಲ್ಲ.

"ನಿನ್ನತ್ರ ಒಂದು ಮಾತು ಏಳ್ಬೇಕು."

"ಏಳಿ, ಬುದ್ಧಿ." ಆ 'ಬುದ್ಧಿ' ಕಲ್ಲಿನಂತೆ ಬಂದು ಬಿತ್ತು.

"ಬುದ್ಧಿ ಅನ್ಬ್ಯಾಡ. ಬುದ್ಧಿ ಇದ್ದಿದ್ರೆ..." ಅವನು ಅಲ್ಲೇ ಬಂಡೆಯ ಮೇಲೆ ಕುಸಿದು ಕೂತ. "ಮ್ಯಾಲೆ ಡಬ್ಬ ಬಡಿದ್ರು ಕಣಮ್ಮಿ. ನಾನು ಆನೆ ಅಂದ್ಕಂಡೆ."

ಒಗೆಯುತ್ತಿದ್ದ ಅವಳ ಕೈ ನಿಂತಿತು.

ಆ ದಾರಿಯ ವಾಡಿಕೆ ಅವಳಿಗೂ ಗೊತ್ತು. ಟಾಪಿನ ಮೇಲೆ ಖಾಲಿ ಸೀಮೆಎಣ್ಣೆ ಡಬ್ಬ ಇಟ್ಟಿರುತ್ತಾರೆ. ಆನೆ ಕಂಡರೆ ಮೇಲಿನವರು ಅದನ್ನು ಬಡಿಯಬೇಕು. ಸದ್ದು ಕೇಳಿದರೆ ಡ್ರೈವರು ನಿಲ್ಲಿಸಕೂಡದು, ಇದ್ದಬದ್ದ ಜೋರಿನಲ್ಲಿ ಓಡಿಸಬೇಕು. ಅವಳೂ ಎಷ್ಟೋ ಸಲ ಬಡಿದಿದ್ದಾಳೆ. ಅವ್ವ ಬಿದ್ದ ದಿನ ಮೇಲಿದ್ದ ಹೆಂಗಸರಿಗೆ ಕೈಗೆ ಸಿಕ್ಕಿದ್ದು ಆ ಡಬ್ಬವೇ. 'ನಿಲ್ಲಿಸಲಿ ಅಂತ ಡಬ್ಬ ಒಡೆದೋಗಂಗೆ ಬಡಿದ್ವಿ ಕಣೆ, ಪಾಪಿ ಇನ್ನೂ ಜೋರಾಗಿ ಓಡಿಸ್ದ' ಎಂದು ವರ್ಷವಿಡೀ ಅತ್ತಿದ್ದರು.

ಬಡಿದಷ್ಟೂ ಓಡಿದ್ದ. ಓಡಿದಷ್ಟೂ ಬಡಿದಿದ್ದರು. ಅವ್ವ ಹಿಂದೆ ಹಿಂದೆ ಉಳಿದುಹೋಗಿದ್ದಳು...

"ಆಮ್ಯಾಕೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಗೇಟತ್ರ ಬಂದಾಗ ಗೊತ್ತಾಯ್ತು. ತಿರುಗಿಸ್ಕಂಡು ಓಯ್ತೀನಿ ಅಂದೆ. ಮೋಟಾರು ಸಾಹುಕಾರ್ರು ಗಾಡೀಲೇ ಇದ್ರು. 'ತೆಗೀಲಾ ಮುಂದಕ್ಕೆ' ಅಂದ್ರು. ತೆಗ್ದೆ."

"ಆಗ ಜೀವ ಇತ್ತಾ ನಮ್ಮವ್ವಂಗೆ?"

"ಗೊತ್ತಿಲ್ಲ. ಅದೇ... ಅದೊಂದೇ ಗೊತ್ತಿಲ್ಲ ಹೊಂಬಾಳಿ."

ಕೆರೆಯ ಮೇಲೆ ಹದ್ದೊಂದು ಸುತ್ತುತ್ತಿತ್ತು. ಒದ್ದೆ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟು ಅವಳೆಂದಳು.

"ಆನೆ ಅಂದ್ಕಂಡೆ ಅಂದ್ಯಲ್ಲ, ಅದ್ನ ಬುಟ್ಟೆ. ಆದ್ರೆ 'ತೆಗಿ' ಅಂದಾಗ ತೆಗ್ದ್ಯಲ್ಲ, ಅದ್ನ ಎಂಗೆ ಬುಡ್ಲಿ?"

"ಬುಡ್ಬ್ಯಾಡ."

ಆ ಒಂದೇ ಮಾತಿಗೆ ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು.

* * *

ಅವನು ಮತ್ತೆ ಮತ್ತೆ ಬಂದ. ಒಂದು ಸಲ ಬಂದಾಗ ಕೇರಿಯ ಬಾಯಲ್ಲೇ ನಿಂತುಬಿಟ್ಟ.

"ಯಾಕೆ, ಮೈಲಿಗೆ ಆಯ್ತದಾ?" ಎಂದಳು.

"ಅಲ್ಲ... ಕರೀದೆ ಎಂಗೆ ಬರ್ಲಿ?"

ಅವಳಿಗೆ ನಗು ಬಂತು. ಅವ್ವ ಸತ್ತ ಮೇಲೆ ಬಂದ ಮೊದಲ ನಗು! ಒಳಗೆ ಕರೆದು ಮಡಕೆಯಿಂದ ನೀರು ಬಗ್ಗಿಸಿ ಕೊಟ್ಟಳು. ಅವನು ಗಟಗಟನೆ ಕುಡಿದ. ಕೇರಿಗೆ ಕೇರಿಯೇ ಉಸಿರು ಬಿಡದೆ ನೋಡಿತು. ಆ ಸುದ್ದಿ ಅವನಿಗಿಂತ ಮೊದಲೇ ಕಂಪಲಾಪುರ ಮುಟ್ಟಿತ್ತು. ಅವತ್ತಿನಿಂದ ಅವನ ತಾಯಿ ಅವನಿಗೆ ಕೊಟ್ಟಿಗೆಯಲ್ಲಿ ಎಲೆ ಹಾಕಿದಳು.

ಹೊಂಬಾಳಿ ಹೊಲದಲ್ಲಿದ್ದರೂ ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. 'ಥೂ, ನಾಚ್ಕೆಗೆಟ್ಟ ಜೀವವೇ! ಅವ್ವನ್ನ ಬುಟ್ಟು ಓಡಿದ ಸದ್ದನ್ನೇ ಕಾಯ್ತಿದ್ದೀಯಲ್ಲಾ...' ಎಂದು ತನ್ನನ್ನೇ ಬೈದುಕೊಂಡಳು. ಆದರೂ ಕಾದಳು.

"ನನ್ನ ಕಟ್ಕತೀಯಾ?" ಎಂದು ಒಂದು ದಿನ ಕೇಳಿಯೇಬಿಟ್ಟ.

"ಕಟ್ಕಂಡು ಎಲ್ಲಿಗೆ ಓಗೋದು? ನಿಮ್ಮನೆ ಕೊಟ್ಟಿಗೆಗಾ? ಇಲ್ಲಾ ನಿನ್ನ ಮೋಟಾರಿನ ಟಾಪಿಗಾ?"

ಅವನು ಅಂಗೈಯಿಂದ ಕಣ್ಣು ಒರೆಸಿಕೊಂಡ.

"ನಂಗೆ ನೀನು ಬ್ಯಾಡ ಅಂತಲ್ಲ ಬೆಟ್ಟ." ಅವಳ ಕಣ್ಣು ತುಂಬಿತು. "ನಿನ್ನ ಕಣ್ಣೀರು ಬ್ಯಾಡ. ಒಳಗೆ ಸೀಟು ಬೇಕು. ನಂಗೆ, ನಮ್ಮೋರ್ಗೆಲ್ಲ."

ಮೋಟಾರಿನ ಮಾಲೀಕ ಸಾಹುಕಾರ ಬಸವರಾಜು ಬೆಟ್ಟಸ್ವಾಮಿಯನ್ನು ಕರೆಸಿ ಎಲೆಅಡಿಕೆ ಜಗಿಯುತ್ತಾ ನಿಧಾನಕ್ಕೆ ಹೇಳಿದ.

"ಏನ್ಲಾ, ಕೇರಿ ನೀರು ರುಚಿ ಹತ್ತೈತಂತೆ? ಕಾಡು ದೊಡ್ಡದು ಕಣಪ್ಪ. ಹಿಂದೊಬ್ಳು ಬಿದ್ಲು, ಯಾರಾದ್ರೂ ಕೇಳಿದ್ರಾ? ಇನ್ನೊಬ್ಳು ಬಿದ್ರೂ ಯಾರೂ ಕೇಳಾಕಿಲ್ಲ."

* * *

ಮತ್ತೆ ಕಾಫಿ ಹಣ್ಣಾಯಿತು. ಮಂಜು ಬಿಡದ ಬೆಳಿಗ್ಗೆ ಕೇರಿಯ ಹೆಂಗಸರು ಮೋಟಾರಿನ ಹಿಂದಿನ ಏಣಿ ಹಿಡಿದು ಒಬ್ಬೊಬ್ಬರಾಗಿ ಟಾಪು ಹತ್ತಿದರು. ಹೊಂಬಾಳಿ ಏಣಿಯ ಕಡೆ ನೋಡಲೂ ಇಲ್ಲ. ನೇರ ಬಾಗಿಲಿಗೆ ಬಂದಳು. ಹತ್ತಿದಳು.

ಒಳಗೆ ಮಾತು ನಿಂತುಹೋಯಿತು. ಹುಣಸೂರಿನ ಬಳೆಗಾರ್ತಿ ಗುಲ್ಜಾರ್ ಬೀ ಒಬ್ಬಳೇ ತನ್ನ ಬಳೆಯ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು ಪಕ್ಕಕ್ಕೆ ಸರಿದಳು.

"ಕೂತ್ಕೋ ಬೇಟಿ. ಮೆಲ್ಲಗೆ... ಬಳೆ ಒಡೆದ್ರೆ ನೀನೇ ಕೊಳ್ಬೇಕಾಯ್ತದೆ!"

ಹೊಂಬಾಳಿ ಕೂತಳು.

"ಏಯ್! ಇಳಿಯಮ್ಮಿ ಕೆಳಕ್ಕೆ!" ಕುಳ್ಳಯ್ಯ ಕೂಗಿದ. ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ಮುಂದಿನ ಸೀಟಿನಲ್ಲಿದ್ದ ಸಾಹುಕಾರ ತಿರುಗಿಯೂ ನೋಡಲಿಲ್ಲ. ಅವನ ಕಡೆಯ ಇಬ್ಬರು ದೊಣ್ಣೆ ಎಳೆದುಕೊಂಡು ಎದ್ದರು.

"ನೀವ್ಯಾಕೆ ಮುಟ್ತೀರಿ? ಕೂತ್ಕಳ್ಳಿ," ಎಂದ ಸಾಹುಕಾರ. "ಆಗ್ಲೇ ಮೈಲಿಗೆ ಆಗಿರೋನು ಒಬ್ಬ ಅವ್ನಲ್ಲ. ಬೆಟ್ಟಸ್ವಾಮೀ... ಇಳ್ಸು ಅವಳ್ನ. ಜುಟ್ಟು ಹಿಡ್ದು ಇಳ್ಸು."

ಬೆಟ್ಟಸ್ವಾಮಿ ಇಂಜಿನ್ ನಿಲ್ಲಿಸಿದ. ಕೆಳಗಿಳಿದ. ಸುತ್ತಿಕೊಂಡು ಬಾಗಿಲಿಗೆ ಬಂದ.

ಹೊಂಬಾಳಿ ಅವನನ್ನೇ ನೋಡಿದಳು. 'ಒಂದು ಸಲ ಮಾತು ಕೇಳ್ದೋನು... ಇವತ್ತೂ ಕೇಳ್ತಾನಾ?' ಅವನ ಹೆಜ್ಜೆ ಹತ್ತಿರ ಬಂತು. ಇನ್ನೂ ಹತ್ತಿರ... ಅವಳು ಕಣ್ಣು ಮುಚ್ಚಿದಳು. ಸರಳನ್ನು ಬಿಡಲಿಲ್ಲ.

ಕೂದಲಿಗೆ ಯಾರ ಕೈಯೂ ಬೀಳಲಿಲ್ಲ. ಕಣ್ಣು ತೆರೆದರೆ ಅವನು ಅವಳಿಗೂ ದೊಣ್ಣೆಯವರಿಗೂ ನಡುವೆ ನಿಂತಿದ್ದ. ಬೆವರಿನಿಂದ ಖಾಕಿ ಕೋಟು ಬೆನ್ನಿಗೆ ಅಂಟಿತ್ತು.

"ಎದ್ರಿಕೆ ಆಯ್ತಾ ಅದಾ?" ಮೆಲ್ಲಗೆ ಕೇಳಿದ.

"ಊಂ. ನಿಂಗೆ?"

"ನಂಗೂ."

ಗುಲ್ಜಾರ್ ಬೀ ಅವನಿಗೆ ಜಾಗ ಬಿಟ್ಟು ಎದ್ದು ಎದುರು ಸೀಟಿಗೆ ಹೋದಳು.

"ಅಂಗಾದ್ರೆ ನಿಂತ್ಕಂಡ್ಯಾಕೆ ನಡುಗ್ತೀಯ?" ಎಂದಳು ಹೊಂಬಾಳಿ. "ಕೂತ್ಕ ಬಾ, ನನ್ ಪಕ್ದಲ್ಲಿ."

ಅವನು ಕೂತ. ಸರಳು ಹಿಡಿದಿದ್ದ ಅವಳ ಕೈಯ ಮೇಲೆ ಎಲ್ಲರೆದುರೇ ತನ್ನ ಕೈ ಇಟ್ಟ.

ಸಾಹುಕಾರ ಈಗ ತಿರುಗಿದ. ಅವನ ಮುಖ ಕಪ್ಪಿಟ್ಟಿತ್ತು.

"ಕೆಲಸ ಓಯ್ತದೆ. ಕುಲ ಓಯ್ತದೆ. ಕೊನೆಗೆ ಜೀವನೂ ಓಯ್ತದೆ ಕಣ್ಲಾ. ಕೊನೇ ಸಲ ಏಳ್ತಾ ಇವ್ನಿ. ಎದ್ದು ಅವಳ್ನ ಇಳ್ಸು!"

ಕಿಟಕಿಯಾಚೆ ಒಂದು ಜೊತೆ ಬರಿಗಾಲು ಏಣಿಯಿಂದ ಇಳಿಯುತ್ತಿತ್ತು. ಅದರ ಹಿಂದೆ ಇನ್ನೊಂದು ಜೊತೆ. ಟಾಪಿನ ಹೆಂಗಸರು ಬಾಗಿಲ ಕಡೆ ಬರುತ್ತಿದ್ದರು. ದೊಣ್ಣೆಯವರೂ ಎದ್ದು ಬಾಗಿಲ ಕಡೆಗೇ ಹೆಜ್ಜೆ ಹಾಕಿದರು.

ಬೆಟ್ಟಸ್ವಾಮಿ ಹೊಂಬಾಳಿಯ ಮುಖ ನೋಡಿದ. ಆಮೇಲೆ ಸಾಹುಕಾರನನ್ನು ನೋಡಿದ.

"ಇಳ್ಸಾಕಿಲ್ಲ."