ನೀರಿಟ್ಟು ಓಡುವವನು

“ನನ್ನ ಚಪ್ಪಲ್ ನಿಮ್ಮ ಕೈಯಾಗ ಯಾಕ ಬಂತ್ರಿ?”

ಮಧುಮತಿಯ ದನಿಗೆ ಚರ್ಚಿನ ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿದರು. ಬೇವಿನ ಮರದ ಬುಡದಲ್ಲಿ ಕೂತಿದ್ದ ಗಂಡಸಿನ ಮಡಿಲಲ್ಲಿ ಅವಳ ಎಡಗಾಲ ಚಪ್ಪಲಿ, ಹಲ್ಲಿನ ನಡುವೆ ಮೇಣದ ದಾರ. ಉತ್ತರ ಕೊಡಲು ಬಾಯಿ ಖಾಲಿಯಿಲ್ಲ. ಅವನು ಕಡೆಯ ಗಂಟು ಬಿಗಿದು, ದಾರ ಕಡಿದು, ಚಪ್ಪಲಿಯನ್ನು ಅವಳ ಕಾಲ ಬಳಿ ಇಟ್ಟ.

“ಪಟ್ಟಿ ಕಿತ್ತಿತ್ತರಿ. ನೀವು ಒಳಗ ಹೋಗುಮುಂದ ಕಾಲು ಎಳಕೋಂತ ಹೋದ್ರಿ.”

“ಪ್ರಾರ್ಥನಿಗೆ ಬಂದು ನನ್ನ ಕಾಲು ನೋಡಾಕತ್ತಿದ್ರೇನು?”

ಅವನ ಕಿವಿ ಕೆಂಪಾದವು. “ಕಣ್ಣು ಮುಚ್ಚೂಕಿಂತ ಮೊದಲ ನೋಡಿದ್ದರಿ.”

ಅಷ್ಟಂದವನೇ ಬೈಕ್ ಏರಿ ಹೊರಟುಬಿಟ್ಟ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕೂಡಿ ಚಹಾ ಕುಡಿಯುವ ರೂಢಿ. ಅದಕ್ಕೆ ಅವನೆಂದೂ ನಿಲ್ಲುತ್ತಿರಲಿಲ್ಲ.

ಅವನು ಸೋಮಲಿಂಗ. ಬನಹಟ್ಟಿ ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ, ಬ್ಯಾಗು ಹೊಲಿಯುವ ಪುಟ್ಟ ಅಂಗಡಿ. ಜನ ಬೆನ್ನ ಹಿಂದೆ ‘ಜೈಲ್ ಸೋಮ್ಯಾ’ ಅನ್ನುತ್ತಿದ್ದರು. ಹೊಲಿಗೆ ಕಲಿತದ್ದೂ, ಯೇಸುವಿನ ಮಾತು ಮೊದಲು ಕೇಳಿದ್ದೂ ಜೈಲಿನಲ್ಲೇ. ಹೊರಬಂದಾಗ ಅಣ್ಣ ಮನೆಯ ಬಾಗಿಲು ಮುಚ್ಚಿದ. ಅವ್ವ ಶಿವಗಂಗವ್ವ ಮಾತ್ರ ಆಗಾಗ ಅಂಗಡಿಗೆ ರೊಟ್ಟಿ ತಂದು, ಮಗನ ಮುಖ ನೋಡಿ ಹೋಗುತ್ತಿದ್ದಳು. ಜೈಲಿಗೆ ಯಾಕೆ ಹೋಗಿದ್ದನೆಂದು ಕೇಳಿದರೆ ಒಬ್ಬರು ಕುಡಿತ ಅನ್ನುತ್ತಿದ್ದರು, ಇನ್ನೊಬ್ಬರು ಕೊಲೆ ಅನ್ನುತ್ತಿದ್ದರು.

ಮಧುಮತಿ ಸರಕಾರಿ ದವಾಖಾನೆಯಲ್ಲಿ ನರ್ಸ್. ಆ ಭಾನುವಾರದ ನಂತರ ಅವಳ ಮನೆಯ ಸಾಮಾನುಗಳು ಒಂದೊಂದಾಗಿ ಹರಿಯತೊಡಗಿದವು. ಬ್ಯಾಗಿನ ಜಿಪ್ಪು, ಅವ್ವ ದಾನಮ್ಮಳ ಪರ್ಸು, ಟಿಫಿನ್ ಚೀಲದ ಹಿಡಿಕೆ.

“ಇದು ಹರದಿದ್ದಲ್ಲರಿ,” ಹಿಡಿಕೆ ತಿರುಗಿಸಿ ನೋಡಿ ಸೋಮಲಿಂಗ ಅಂದ. “ಕತ್ತರಿ ಹಚ್ಚಿ ಕತ್ತರಿಸಿದ್ದು.”

“ದವಾಖಾನ್ಯಾಗ ಇಲಿ ಭಾಳ.”

“ಇಲಿ ಕತ್ತರಿ ಹಿಡಿತಾವೇನ್ರಿ?”

“ಸರಕಾರಿ ಇಲಿ. ಏನರ ಹಿಡಿತಾವ.”

ಅವನಿಗೆ ನಗು ಬಂತು. ಬಂದ ನಗುವನ್ನು ಮುಚ್ಚಿಡುವವನಂತೆ ತಲೆ ತಗ್ಗಿಸಿದ. ಆ ತಗ್ಗಿದ ಕಣ್ಣು ಮತ್ತೆ ಮೇಲೇಳಲಿ ಎಂದು ಕಾಯುತ್ತ ನಿಂತಿದ್ದೇನೆಂದು ಅರಿವಾದಾಗ ಮಧುಮತಿಗೆ ತನ್ನ ಮೇಲೇ ಸಿಟ್ಟು ಬಂತು.

“ನಾಡಿದ್ದ ಬರ್ರಿ, ಸಿಸ್ಟರ್.”

“ನನಗ ಸಿಸ್ಟರ್ ಅನಬ್ಯಾಡ್ರಿ.”

“ನರ್ಸ್ ಅದೀರಲ್ಲರಿ?”

“ಅದೀನಿ. ಆದ್ರ ನೀವು ಅನಬ್ಯಾಡ್ರಿ.”

ಸೂಜಿ ಅವನ ಬೆರಳಿಗೇ ಚುಚ್ಚಿತು.

ಪೋಲಿಯೋ ಭಾನುವಾರ ಅವಳಿಗೆ ಸಮೀರವಾಡಿ ರಸ್ತೆಯ ಜೋಪಡಿಗಳಲ್ಲಿ ಡ್ಯೂಟಿ. ಕಬ್ಬು ಕಡಿಯಲು ಪ್ರತಿವರ್ಷ ಗಡಿಯಾಚೆಯ ಬೀಡ್ ಕಡೆಯಿಂದ ಬರುವ ಗ್ಯಾಂಗಿನ ಜನ ಅವರು. ಮಕ್ಕಳ ಬಾಯಿಗೆ ಹನಿ ಹಾಕುತ್ತಿದ್ದಾಗ ಬೈಕಿನ ಸದ್ದು ಕೇಳಿತು. ಸೋಮಲಿಂಗ ಬೇಲಿಯಾಚೆ ಎರಡು ಕ್ಯಾನು ಕುಡಿಯುವ ನೀರು ಇಳಿಸಿ, ಖಾಲಿ ಕ್ಯಾನು ಎತ್ತಿಕೊಂಡು ಗಡಿಬಿಡಿಯಲ್ಲಿ ಹೊರಳಿದ. ಎದುರಿಗೆ ಮಧುಮತಿ ನಿಂತಿದ್ದಳು.

“ಕಳ್ಳರು ತಗೊಂಡು ಓಡ್ತಾರ. ನೀವು ಇಟ್ಟು ಓಡ್ತೀರಲ್ಲ!”

ಅವನು ನಗಲಿಲ್ಲ. ಕಾಲುವೆಯ ಕಟ್ಟೆಯ ಮೇಲೆ ಕೂತು, ಅವಳ ಮುಖ ನೋಡದೆ ಎಲ್ಲ ಹೇಳಿದ.

ಆರು ವರ್ಷದ ಹಿಂದೆ ಅವನು ಹಿಪ್ಪರಗಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಂದು ಮುಂಜಾನೆ ಕುಡಿದ ಅಮಲು ಇಳಿಯುವ ಮೊದಲೇ ಸ್ಟೇರಿಂಗ್ ಹಿಡಿದ. ಟ್ರೇಲರ್ ರಸ್ತೆ ಬದಿಯ ಜೋಪಡಿಯ ಮೇಲೆ ಉರುಳಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಸತ್ತಳು.

“ಆಕಿ ಗಂಡ ಬಾಳಾಸಾಹೇಬ ಇದ ಗ್ಯಾಂಗಿನ್ಯಾಗ ಅದಾನ್ರಿ. ನನಗ ಎರಡು ವರ್ಷ ಜೈಲಾತು. ಕೋರ್ಟಿನ ಮಟ್ಟಿಗೆ ಮುಗೀತು. ಅವನ ಮುಂದ ನಿಂದರೂ ಧೈರ್ಯ ಮಾತ್ರ ಬರವಲ್ತು. ಅದಕ್ಕ ಈ ನೀರು.”

ಸತ್ತವಳ ಮೇಲೆ ಮರುಕ, ಈ ಮನುಷ್ಯನ ಮೇಲೆ ಸಿಟ್ಟು, ಅವನ ಮೇಲೇ ಪ್ರೀತಿ, ಎಲ್ಲ ಒಟ್ಟಿಗೇ ಮಧುಮತಿಯ ಎದೆಗೆ ನುಗ್ಗಿದವು. ಎದ್ದು ಹೋದಳು. ಎಂಟು ದಿನ ಅಂಗಡಿಯತ್ತ ಸುಳಿಯಲಿಲ್ಲ. ಒಂಬತ್ತನೆಯ ದಿನ, ಏನೂ ಹರಿಯದಿದ್ದರೂ ಹೋದಳು.

ಸುದ್ದಿ ಮನೆಗೆ ಮುಟ್ಟಿತು. ಅವಳಪ್ಪ ಮುತ್ತಪ್ಪ ಮಾಸ್ತರರು ನಿವೃತ್ತ ಶಿಕ್ಷಕರು, ಚರ್ಚಿನ ಹಿರಿಯರು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ತನ್ನವರೆಲ್ಲ ದಾಟಿ ಹೋದಾಗ ಪರಕೀಯನೊಬ್ಬ ಎತ್ತಿಕೊಂಡದ್ದರ ಕುರಿತು ಅವರು ಚರ್ಚಿನಲ್ಲಿ ಪ್ರಸಂಗ ಮಾಡಿದರೆ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಆ ಜೈಲಿನವನ ಅಂಗಡ್ಯಾಗ ನಿನಗೇನು ಕೆಲಸ?”

“ಅವರು ನನ್ನ ಮನಸಿಗೆ ಬಂದಾರಪ್ಪ. ದಾರ್ಯಾಗ ಬಿದ್ದವನ್ನ ಎತ್ತಬೇಕಂತ ನೀನ ಹೇಳ್ತಿ.”

“ಪ್ರಸಂಗ ಬ್ಯಾರೆ, ಮನಿ ಬ್ಯಾರೆ!”

“ನಮ್ಮ ಮುತ್ಯಾನ್ನ ಊರಾಗ ಯಾರೂ ಬಾವಿ ಹಂತ್ಯಾಕ ಬಿಡ್ತಿದ್ದಿಲ್ಲ. ಚರ್ಚು ಒಳಗ ಕರೀತು. ಈಗ ನಾವು ಇನ್ನೊಬ್ಬರಿಗೆ ಬಾಗಲಾ ಹಾಕೂದೇನಪ್ಪ?”

ಮಾಸ್ತರರು ಎದ್ದು ಒಳಗೆ ಹೋದರು. ಆ ಹೊತ್ತು ಊಟ ಮಾಡಲಿಲ್ಲ.

ಮುಂದಿನ ಭಾನುವಾರ, ಸೋಮಲಿಂಗ ಬೈಕಿಗೆ ಕಿಕ್ ಹೊಡೆಯುವ ಮೊದಲೇ ಮಧುಮತಿ ಹಿಂದೆ ಬಂದು ನಿಂತಳು.

“ಇವತ್ತ ನಾನೂ ಬರ್ತೀನಿ. ಇಟ್ಟು ಓಡೂದಿಲ್ಲ. ಒಳಗ ಹೋಗೂಣು.”

“ಅಂವ ಹೊಡದ್ರ?”

“ಹೊಡಿಸಿಕೋರಿ. ಔಷಧ ನಾ ಹಚ್ತೀನಿ.”

ಬಾಳಾಸಾಹೇಬ ಜೋಪಡಿಯ ಮುಂದೆ ಕುಡಗೋಲು ಮಸೆಯುತ್ತಿದ್ದ. ಬಂದವನನ್ನು ಕಂಡು ಕೈ ನಿಂತಿತು. ಸೋಮಲಿಂಗ ಅವನೆದುರು ಮೊಣಕಾಲೂರಿದ.

“ತಪ್ಪು ನಂದರಿ. ಕುಡದಿದ್ನಿ. ಕೋರ್ಟಿನ್ಯಾಗ ಬ್ರೇಕ್ ಫೇಲ್ ಅಂದಿದ್ನಿ, ಸುಳ್ಳು. ಬ್ರೇಕ್ ಛಲೋನ ಇತ್ತು.”

ಈ ಮಾತು ಮಧುಮತಿಗೂ ಹೊಸದು.

ಬಾಳಾಸಾಹೇಬ ಕುಡಗೋಲನ್ನು ನೆಲಕ್ಕಿಟ್ಟ. ಆಮೇಲೆ ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದ. “ನೀರು ಯಾರು ತರ್ತಾರಂತ ನನಗ ಮಾಲೂಮ್ ಐತಿ. ಚೆಲ್ಲಬೇಕಂತ ಎರಡು ಸಲ ಕ್ಯಾನು ಎತ್ತಿದೆ. ಪೋರಗೋಳು ನೀರಡಿಸಿದ್ವು. ಚೆಲ್ಲಲಿಲ್ಲ.” ತುಸು ತಡೆದು ಕೇಳಿದ: “ಆಕಿ ಹೆಸರು ಗೊತ್ತೈತೇನು ನಿನಗ?”

“ಶಾಲನ.”

“ಕೋರ್ಟಿನ ಕಾಗದದಾಗ ಓದೀದಿ. ಕುಂದರು. ಆಕಿ ಯಾರಂತ ನಾ ಹೇಳ್ತೀನಿ.”

ಚಾಪೆ ಹಾಸಿದ. ಹೇಳಿದ. ಶಾಲನ ಕಬ್ಬು ಕಡಿಯುವುದರಲ್ಲಿ ಅವನಿಗಿಂತ ಚುರುಕು. ಆದರೆ ಊರಿಗೆ ಹೋದಾಗ ಅತ್ತೆಯ ಮುಂದೆ ಗಂಡನೇ ಚುರುಕು ಎಂದು ಸುಳ್ಳು ಹೇಳುತ್ತಿದ್ದಳು. ಹಾವಿಗೆ ಹೆದರುತ್ತಿರಲಿಲ್ಲ, ಕಪ್ಪೆ ಕಂಡರೆ ಕಿರುಚುತ್ತಿದ್ದಳು. ಕಪ್ಪೆಯ ಮಾತಿಗೆ ಬಾಳಾಸಾಹೇಬ ನಕ್ಕ, ನಗುತ್ತಲೇ ಅತ್ತ. ಸೋಮಲಿಂಗ ತಲೆ ತಗ್ಗಿಸಲಿಲ್ಲ. ಪ್ರತಿ ಮಾತನ್ನೂ ಮುಖವೆತ್ತಿ ಕೇಳಿದ, ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು.

ಕ್ಷಮೆಯೆಂದರೆ ತಪ್ಪನ್ನು ಒರೆಸಿಹಾಕುವುದು ಎಂದು ಮಧುಮತಿ ಚಿಕ್ಕಂದಿನಿಂದ ತಿಳಿದಿದ್ದಳು. ಇಲ್ಲಿ ಏನೂ ಒರೆಸಿಹೋಗಲಿಲ್ಲ. ಎಲ್ಲವೂ ಎದುರಿಗೇ ಇತ್ತು. ಆದರೂ ಮೂವರೂ ಒಂದೇ ಚಾಪೆಯ ಮೇಲೆ ಕೂತಿದ್ದರು.

ಎದ್ದಾಗ ಬಾಳಾಸಾಹೇಬ ಅಂದ: “ಮಾಫಿ ಪೂರಾ ಆಗಿಲ್ಲ. ಆಗತೈತೋ ಇಲ್ಲೋ, ದೇವರಿಗೆ ಗೊತ್ತು. ಆದ್ರ ಮುಂದಿನ ವಾರ ಬೇಲಿ ಹಂತ್ಯಾಕ ಇಡಬ್ಯಾಡ. ಒಳಗ ತಾ.”

ಮರಳುವಾಗ ಕಬ್ಬಿನ ಹೊಲದ ನೆರಳಿನಲ್ಲಿ ಸೋಮಲಿಂಗ ಬೈಕ್ ನಿಲ್ಲಿಸಿದ.

“ಬ್ರೇಕಿನ ಮಾತು ನನಗೂ ಹೇಳಿದ್ದಿಲ್ಲ ನೀವು,” ಮಧುಮತಿ ಅಂದಳು.

“ಹೇಳಿದ್ರ ನೀವು ಮತ್ತ ಬರಾಂಗಿಲ್ಲ ಅಂತ ಅಂಜಿದ್ನಿ.”

“ಈಗ?”

“ಈಗೂ ಅಂಜಿಕಿ ಐತಿ. ಆದ್ರ ಮುಚ್ಚಿಡಾಕ ಏನೂ ಉಳದಿಲ್ಲ. ಮಧುಮತಿ...” ಮೊದಲ ಸಲ ಹೆಸರು ಹಿಡಿದು ಕರೆದ. “ನನ್ನ ಜೋಡಿ ಸಂಸಾರ ಮಾಡ್ತೀರೇನ್ರಿ?”

ಅವನ ರೆಪ್ಪೆಯ ಮೇಲೆ ರಸ್ತೆಯ ಧೂಳು ಕೂತಿತ್ತು. ಅವಳು ದುಪಟ್ಟಾದ ತುದಿಯಿಂದ ಮೆಲ್ಲಗೆ ಒರೆಸಿದಳು.

“ರೀ ಬಿಟ್ಟು ಕೇಳಿದ್ರ ಹೇಳ್ತೀನಿ.”

“ಮಾಡ್ತೀಯೇನು?”

“ಹ್ಞೂಂ.”

ಮನೆಯಲ್ಲಿ ಅವಳು ಅಪ್ಪನಿಗೆ ಒಂದನ್ನೂ ಬಿಡದೆ ಹೇಳಿದಳು, ಬ್ರೇಕಿನ ಸುಳ್ಳನ್ನೂ. ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈಗ ಎಲ್ಲಿ ಅದಾನ?”

“ಗೇಟಿನ ಹೊರಗ.”

ಅವರೇ ಎದ್ದು ಹೋದರು. ಕಿಟಕಿಯಿಂದ ನೋಡುತ್ತಿದ್ದ ಮಧುಮತಿಗೆ ಮಾತು ಕೇಳಿಸಲಿಲ್ಲ. ಅಪ್ಪ ಅವನ ಮೊಣಕೈ ಹಿಡಿದು ಒಳಗೆ ಕರೆತರುವುದು ಮಾತ್ರ ಕಂಡಿತು.

ಗ್ಯಾಂಗುಗಳು ಊರಿಗೆ ಮರಳುವ ಮೊದಲೇ, ಮಾರ್ಚಿನಲ್ಲಿ ಮದುವೆಯಾಯಿತು. ಸೋಮಲಿಂಗನ ಅಣ್ಣ ಬರಲಿಲ್ಲ. ಬಾಳಾಸಾಹೇಬ ಒಗೆದ ಬಿಳಿ ಅಂಗಿ ತೊಟ್ಟು ಬಂದ. ಶಿವಗಂಗವ್ವ ಬಂದು ಊಟದ ಸಾಲಿನಲ್ಲಿ ಮಗನ ಪಕ್ಕಕ್ಕೇ ಕೂತು, ಸೊಸೆಯ ಗಲ್ಲ ಸವರಿದಳು.

“ಇಂವ ಸಣ್ಣವನಿದ್ದಾಗಿಂದ ಮನಸಿನ ಮಾತು ನುಂಗಾಂವ. ಹಂಗ ಮಾಡಿದ್ರ ನನಗ ಫೋನ್ ಹಚ್ಚವಾ.”

“ಇನ್ನ ನುಂಗಾಂಗಿಲ್ಲ ಅತ್ತಿ,” ಅಂದಳು ಮಧುಮತಿ, ಮೇಜಿನ ಕೆಳಗೆ ಅವನ ಕೈ ಹುಡುಕಿ ಹಿಡಿಯುತ್ತ. “ನಾ ಬಿಡಬೇಕಲ್ಲ!”